ಸಿ ತುಂಬಿದೆ, ಡಿ ಖಾಲಿ ಇದೆ



ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಈ ಮೂರೂ ಊರುಗಳ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತೊಂದಿದೆ: "ಸಿಸ್ಟಮ್ ಭಾಳ ಸ್ಲೋ ಆಗೇತ್ರಿ, ಒಮ್ಮೆ ಫಾರ್ಮ್ಯಾಟ್ ಹೊಡೀರಿ." ಅಂಗಡಿಯವರು ಕೇಳುತ್ತಾರೆ, "ಸಿ ಒಳಗ ಏನರ ಐತೇನ್ರಿ?" ಉತ್ತರ ಬರುತ್ತದೆ, "ಏನಿಲ್ರಿ, ನಂದೆಲ್ಲಾ ಡೆಸ್ಕ್‌ಟಾಪ್ ಮ್ಯಾಲೇ ಐತಿ." ಈ ಒಂದು ಮಾತಿನಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಲೆಕ್ಕಪತ್ರ, ಎಷ್ಟೋ ಮದುವೆಯ ಫೋಟೊ, ಎಷ್ಟೋ ಲೇಖಕರ ಬರಹ ಅಳಿಸಿಹೋಗಿವೆ. ಏಕೆಂದರೆ ಡೆಸ್ಕ್‌ಟಾಪ್ ಇರುವುದೇ ಸಿ ಡ್ರೈವಿನಲ್ಲಿ. ಪರದೆಯ ಮೇಲೆ ಕಾಣುವ ಆ ಫೈಲುಗಳು ಪರದೆಯ ಮೇಲೆಲ್ಲೋ ಇರುವುದಿಲ್ಲ. ಸಿ ಡ್ರೈವಿನ ಯೂಸರ್ಸ್ ಎಂಬ ಫೋಲ್ಡರಿನಲ್ಲಿ, ನಿಮ್ಮ ಹೆಸರಿನ ಕೆಳಗೆ ಇರುತ್ತವೆ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ವಿಡಿಯೋಸ್ ಎಲ್ಲವೂ ಅಲ್ಲಿಯವೇ. ಸಿ ಅಳಿದರೆ ಅವೂ ಅಳಿಯುತ್ತವೆ.

ಹಿಂದೆಲ್ಲ ತಪ್ಪಿ ಫಾರ್ಮ್ಯಾಟ್ ಆದರೂ ರಿಕವರಿ ಸಾಫ್ಟ್‌ವೇರ್ ಹಾಕಿ ಒಂದಿಷ್ಟನ್ನು ಮರಳಿ ಪಡೆಯುತ್ತಿದ್ದರು. ಅದು ತಿರುಗುವ ಹಾರ್ಡ್ ಡಿಸ್ಕಿನ ಕಾಲ. ಅಲ್ಲಿ ಸಾಮಾನ್ಯವಾಗಿ ಫಾರ್ಮ್ಯಾಟ್ ಮಾಡಿದರೆ ಫೈಲುಗಳ ಪಟ್ಟಿ ಮಾತ್ರ ಅಳಿಯುತ್ತಿತ್ತು, ಒಳಗಿನ ಮಾಹಿತಿ ಅದರ ಮೇಲೆ ಬೇರೆ ಬರೆಯುವ ತನಕ ಹಾಗೆಯೇ ಉಳಿಯುತ್ತಿತ್ತು. ಈಗ ಹೆಚ್ಚಿನವರ ಸಿ ಡ್ರೈವ್ ಇರುವುದು ಎಸ್‌ಎಸ್‌ಡಿಯಲ್ಲಿ. ಎಸ್‌ಎಸ್‌ಡಿಯನ್ನು ಫಾರ್ಮ್ಯಾಟ್ ಮಾಡಿದಾಗ ಈ ಜಾಗವೆಲ್ಲ ಇನ್ನು ಬೇಡ ಎಂದು ವಿಂಡೋಸ್ ಅದಕ್ಕೆ ತಿಳಿಸುತ್ತದೆ. ಟ್ರಿಮ್ ಎನ್ನುತ್ತಾರೆ ಅದಕ್ಕೆ. ಡಿಸ್ಕು ಒಳಗೊಳಗೇ ಆ ಜಾಗವನ್ನು ಶುಚಿ ಮಾಡಿಬಿಡುತ್ತದೆ. ಆಮೇಲೆ ಮರಳಿ ಪಡೆಯುವ ಆಸೆ ಬಹುಮಟ್ಟಿಗೆ ಬಿಟ್ಟಂತೆಯೇ. ಆದ್ದರಿಂದ ಈ ಎಚ್ಚರಿಕೆ ಹತ್ತು ವರ್ಷದ ಹಿಂದಿಗಿಂತ ಇವತ್ತು ಹೆಚ್ಚು ಜರೂರಿನದು.

ಮೊದಲಿಗೆ, ಸಿ ಎಂಬ ಹೆಸರು ಎಲ್ಲಿಂದ ಬಂತು, ಅದು ಯಾಕೆ ತುಂಬುತ್ತದೆ? ಎ ಮತ್ತು ಬಿ ಎಂಬ ಹೆಸರುಗಳು ಫ್ಲಾಪಿಗಳಿಗೆ ಹೋಗಿದ್ದವು. 1983ರಲ್ಲಿ ಐಬಿಎಂ ತನ್ನ ಪಿಸಿ ಎಕ್ಸ್‌ಟಿಯಲ್ಲಿ ಹಾರ್ಡ್ ಡಿಸ್ಕ್ ಕೂರಿಸಿದಾಗ ಅದಕ್ಕೆ ಮುಂದಿನ ಅಕ್ಷರ ಸಿಕ್ಕಿತು. ಆ ಡಿಸ್ಕಿನ ಅಳತೆ 10 ಎಂಬಿ. ಇವತ್ತಿನ ಫೋನಿನಲ್ಲಿ ತೆಗೆದ ಮೂರು ನಾಲ್ಕು ಫೋಟೊ ಅದರಲ್ಲಿ ಹಿಡಿದರೆ ಹೆಚ್ಚು. ಅಳತೆ ಸಾವಿರಾರು ಪಟ್ಟು ಬೆಳೆದರೂ ಸಿ ಮಾತ್ರ ಇಕ್ಕಟ್ಟಾಗಿಯೇ ಉಳಿಯಲು ನಮ್ಮ ಕಡೆ ಒಂದು ವಿಶೇಷ ಕಾರಣವಿದೆ. 500 ಜಿಬಿ ಹಾರ್ಡ್ ಡಿಸ್ಕಿನ ಹಳೆಯ ಅಸೆಂಬಲ್ ಕಂಪ್ಯೂಟರುಗಳಿಗೆ ಜೀವ ತುಂಬಲು 120 ಅಥವಾ 240 ಜಿಬಿಯ ಸಣ್ಣ ಎಸ್‌ಎಸ್‌ಡಿ ಹಾಕಿಸಿದೆವು. ವಿಂಡೋಸ್ ಅದಕ್ಕೆ ಹೋಯಿತು, ಹಳೆಯ ಡಿಸ್ಕು ಡಿ ಎಂಬ ಹೆಸರಿನಲ್ಲಿ ಉಳಿಯಿತು. ಒಳ್ಳೆಯ ಕೆಲಸವೇ, ಕಂಪ್ಯೂಟರ್ ಓಡತೊಡಗಿತು. ಆದರೆ 240 ಎಂದು ಕೊಂಡದ್ದು ವಿಂಡೋಸಿನಲ್ಲಿ 223 ಎಂದು ಕಾಣುತ್ತದೆ. ತಯಾರಕರು ಸಾವಿರದ ಲೆಕ್ಕ ಹಿಡಿದರೆ ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ, ಮೋಸವೇನಿಲ್ಲ. ಅದರಲ್ಲಿ ವಿಂಡೋಸ್, ಅದರ ಅಪ್‌ಡೇಟುಗಳು, ನಾಲ್ಕು ದೊಡ್ಡ ಸಾಫ್ಟ್‌ವೇರು ಕೂತ ಮೇಲೆ ಉಳಿಯುವುದು ಎಷ್ಟು? ದಿಸ್ ಪಿಸಿ ತೆರೆದು ನೋಡಿ. ಡ್ರೈವಿನ ಕೆಳಗಿನ ಪಟ್ಟಿ ನೀಲಿಯಿದ್ದರೆ ಸದ್ಯಕ್ಕೆ ಉಸಿರಿದೆ ಎಂದರ್ಥ. ಖಾಲಿ ಜಾಗ ಶೇಕಡಾ 10ಕ್ಕಿಂತ ಕೆಳಗಿಳಿದರೆ ಅದು ಕೆಂಪಾಗುತ್ತದೆ. ಕೆಂಪಾದ ಮೇಲೂ ತುಂಬುತ್ತ ಹೋದರೆ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ, ಪ್ರಿಂಟ್ ಕೊಟ್ಟರೆ ಹೋಗುವುದಿಲ್ಲ, ಬರೆಯಲು ಖಾಲಿ ಜಾಗ ಸಿಗದೆ ಎಸ್‌ಎಸ್‌ಡಿಯೂ ನಿಧಾನವಾಗುತ್ತದೆ. ಅದೇ ಹೊತ್ತಿಗೆ ಪಕ್ಕದ ಡಿ ಡ್ರೈವಿನಲ್ಲಿ 400 ಜಿಬಿ ಖಾಲಿ ಬಿದ್ದಿರುತ್ತದೆ.

ಬ್ಯಾಡಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆ ಕೂಡುವ ದಿನ ಪ್ರಾಂಗಣದ ತುಂಬ ಚೀಲ. ಟೆಂಡರ್ ಆಗಿ, ತೂಕವಾಗಿ, ಮಾಲು ಅಲ್ಲಿಂದ ಎದ್ದರೆ ತಾನೆ ಮುಂದಿನ ಮಾಲು ಬಂದಿಳಿಯುವುದು? ಬಣ್ಣ ಕೆಡದ ಹಾಗೆ ತಿಂಗಳುಗಟ್ಟಲೆ ಇಡಬೇಕಾದ ಮಾಲಿಗೆ ಕೋಲ್ಡ್ ಸ್ಟೋರೇಜ್ ಇದೆ. ಪ್ರಾಂಗಣ ವ್ಯವಹಾರದ ಜಾಗ, ಕೋಲ್ಡ್ ಸ್ಟೋರೇಜ್ ಕಾಪಿಡುವ ಜಾಗ. ಸಿ ಮತ್ತು ಡಿ ನಡುವಿನ ಸಂಬಂಧ ಇಷ್ಟೇ. ಆದರೆ ಅದೇ ಬ್ಯಾಡಗಿಯ ಅಡತಿ ಅಂಗಡಿಯ ಕಂಪ್ಯೂಟರ್ ತೆರೆದರೆ ಎಂಟು ಹತ್ತು ವರ್ಷದ ಲೆಕ್ಕವೆಲ್ಲ ಸಿಯಲ್ಲಿಯೇ ಪೇರಿಸಿಟ್ಟಿರುತ್ತದೆ.

ಅಡತಿ ಅಂಗಡಿಯ ಲೆಕ್ಕ ಎಂದರೆ ಹೆಚ್ಚಾಗಿ ಟ್ಯಾಲಿ. ಬೆಂಗಳೂರಿನದೇ ಸಾಫ್ಟ್‌ವೇರು, ಆ ಸಂಸ್ಥೆ ಹುಟ್ಟಿದ್ದು 1986ರಲ್ಲಿ. ಟ್ಯಾಲಿ ಪ್ರೈಮ್ ಹಾಕಿಕೊಂಡಾಗ ನೀವು ಬೇರೆ ಜಾಗ ತೋರಿಸದಿದ್ದರೆ ಲೆಕ್ಕದ ಡೇಟಾ ಸಿ ಡ್ರೈವಿನ ಯೂಸರ್ಸ್, ಅದರೊಳಗೆ ಪಬ್ಲಿಕ್, ಅದರೊಳಗೆ ಟ್ಯಾಲಿ ಪ್ರೈಮ್, ಅದರೊಳಗೆ ಡೇಟಾ ಎಂಬ ಫೋಲ್ಡರಿನಲ್ಲಿ ಕೂರುತ್ತದೆ. ಅಲ್ಲಿ ನಿಮ್ಮ ಅಂಗಡಿಯ ಹೆಸರು ಕಾಣುವುದಿಲ್ಲ, ಬರೀ ಅಂಕಿಯ ಹೆಸರಿನ ಫೋಲ್ಡರುಗಳು ಕಾಣುತ್ತವೆ. ಅದರಿಂದಲೇ ಗೊತ್ತಿಲ್ಲದವರ ಕೈಗೆ ಅದು ಕಸದಂತೆ ಕಂಡೀತು. ಟ್ಯಾಲಿಯನ್ನು ಪೂರ್ತಿ ಮುಚ್ಚಿ, ಆ ಡೇಟಾ ಫೋಲ್ಡರನ್ನು ಡಿ ಡ್ರೈವಿಗೆ ಕಾಪಿ ಮಾಡಿ, ಆಮೇಲೆ ಟ್ಯಾಲಿಯ ಸೆಟ್ಟಿಂಗ್ಸಿನಲ್ಲಿ ಡೇಟಾ ಪಾತ್ ಅನ್ನು ಹೊಸ ಜಾಗಕ್ಕೆ ತಿರುಗಿಸಬೇಕು. ಅಂಗಡಿಯಲ್ಲಿ ಎರಡು ಮೂರು ಕಂಪ್ಯೂಟರ್ ಒಂದೇ ಡೇಟಾ ಬಳಸುತ್ತಿದ್ದರೆ ಎಲ್ಲದರಲ್ಲೂ ಪಾತ್ ಬದಲಿಸಬೇಕು. ಇಲ್ಲವಾದರೆ ಒಬ್ಬರು ಹಳೆಯ ಲೆಕ್ಕದಲ್ಲಿ, ಇನ್ನೊಬ್ಬರು ಹೊಸ ಲೆಕ್ಕದಲ್ಲಿ ಪಟ್ಟಿ ಬರೆಯುತ್ತ ಹೋಗುತ್ತಾರೆ. ವಾರದ ಮೇಲೆ ಅದನ್ನು ಕೂಡಿಸುವುದು ಸುಲಭದ ಮಾತಲ್ಲ. ಇನ್ನೊಂದು ಮಾತು: ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪುಸ್ತಕ ಇಟ್ಟುಕೊಂಡಿರಬೇಕು. ಹಳೆಯದು ಬೇಡ, ಅಳಿಸಿದರಾಯಿತು ಎನ್ನುವ ಹಾಗಿಲ್ಲ. ಬೇರೆ ಕಡೆ ಸಾಗಿಸುವುದೊಂದೇ ದಾರಿ.

ರಾಣೇಬೆನ್ನೂರಿನ ಸ್ಟುಡಿಯೊಗಳ ಸಂಕಟ ಬೇರೆ. ಲಗ್ನಸರಾಯಿ ಬಂತೆಂದರೆ ಒಂದೊಂದು ದಿನಕ್ಕೆ ಎರಡು ಮದುವೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ 4ಕೆ ವಿಡಿಯೊ ಹಿಡಿದರೆ ಒಂದು ತಾಸಿಗೆ 45 ಜಿಬಿ ಆಗುತ್ತದೆ. ಇದು ಲೆಕ್ಕ ಹಾಕಿ ನೋಡಬಹುದಾದ ಸಂಗತಿ. ಸ್ಟುಡಿಯೊದವರು ಜಾಣರು, ಮೂಲ ವಿಡಿಯೊವನ್ನು ಡಿಯಲ್ಲೋ ಹೊರಗಿನ ಡಿಸ್ಕಿನಲ್ಲೋ ಇಟ್ಟಿರುತ್ತಾರೆ. ಆದರೂ ಸಿ ತುಂಬುತ್ತದೆ. ಯಾಕೆಂದರೆ ಎಡಿಟಿಂಗ್ ಸಾಫ್ಟ್‌ವೇರುಗಳು ಕೆಲಸ ಹಗುರಾಗಲೆಂದು ಮೀಡಿಯಾ ಕ್ಯಾಶ್ ಎಂಬ ಹೆಚ್ಚುವರಿ ಫೈಲುಗಳನ್ನು ಮಾಡಿಕೊಳ್ಳುತ್ತವೆ, ನಾವು ಹೇಳದಿದ್ದರೆ ಅವು ಸಿಯಲ್ಲೇ ಕೂಡಿಬೀಳುತ್ತವೆ. ಫೋಟೊಶಾಪಿನ ಸ್ಕ್ರ್ಯಾಚ್ ಡಿಸ್ಕ್ ಕೂಡ ಹಾಗೆಯೇ. ಎರಡನ್ನೂ ಪ್ರಿಫರೆನ್ಸಸ್‌ನಲ್ಲಿ ಬೇರೆ ಡ್ರೈವಿಗೆ ತಿರುಗಿಸಬಹುದು. ಆದರೆ ನಿಮ್ಮ ಡಿ ಹಳೆಯ ತಿರುಗುವ ಡಿಸ್ಕಾಗಿದ್ದರೆ ಹಾಗೆ ತಿರುಗಿಸಬೇಡಿ ಎಂದೇ ನನ್ನ ಸಲಹೆ, ಎಡಿಟಿಂಗ್ ಕುಂಟುತ್ತದೆ. ಪ್ರತಿ ಆಲ್ಬಮ್ ಡೆಲಿವರಿ ಆದ ಕೂಡಲೇ ಆ ಮದುವೆಯ ಕ್ಯಾಶ್ ಅಳಿಸಿಬಿಡುವುದು ಮೇಲು. ಅದು ಮತ್ತೆ ಹುಟ್ಟಿಸಿಕೊಳ್ಳಬಹುದಾದ ಸಾಮಾನು, ಅಳಿಸಿದರೆ ನಷ್ಟವಿಲ್ಲ. ಪೆನ್‌ಡ್ರೈವಿಗೆ ಮದುವೆಯ ವಿಡಿಯೊ ಹಾಕಲು ಹೋಗಿ, ಜಾಗವಿದ್ದರೂ ಹಿಡಿಯುತ್ತಿಲ್ಲ ಎಂದು ತಲೆ ಕೆಡಿಸಿಕೊಂಡವರಿಗೆ ಒಂದು ಮಾತು. ಆ ಪೆನ್‌ಡ್ರೈವ್ ಫ್ಯಾಟ್ 32 ಬಗೆಯದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಕೂರುವುದಿಲ್ಲ. ಖಾಲಿ ಇರುವಾಗಲೇ ಎಕ್ಸ್‌ಫ್ಯಾಟಿಗೆ ಫಾರ್ಮ್ಯಾಟ್ ಮಾಡಿಕೊಂಡರೆ ಸರಿಹೋಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಇರುವುದು ಡಿಟಿಪಿ ಅಂಗಡಿಗಳ ವಿಷಯದಲ್ಲಿ. ಈ ಜಿಲ್ಲೆ ಬರೆಯುವವರ ಜಿಲ್ಲೆ. ಸವಣೂರಿನಲ್ಲಿ ವಿ. ಕೃ. ಗೋಕಾಕರು ಹುಟ್ಟಿದರು, ರಾಣೇಬೆನ್ನೂರಿನಲ್ಲಿ ಸು. ರಂ. ಎಕ್ಕುಂಡಿಯವರು ಹುಟ್ಟಿದರು, ಗಳಗನಾಥರು ತಮ್ಮ ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು ಕಾದಂಬರಿ ಬರೆದರು. 2023ರ ಜನವರಿ 6ರಿಂದ 8ರವರೆಗೆ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದೂ ಹಾವೇರಿಯಲ್ಲೇ. ಹಿಂದಿನವರ ಬರಹ ಕಾಗದದಲ್ಲಿತ್ತು. ಇವತ್ತು ಊರಿನ ಕವಿಯ ಸಂಕಲನ, ಮಠದ ಚರಿತ್ರೆ, ಶಾಲೆಯ ಸ್ಮರಣ ಸಂಚಿಕೆ, ಲಾವಣಿ, ಡೊಳ್ಳಿನ ಪದಗಳ ಸಂಗ್ರಹ ಇವೆಲ್ಲವೂ ಮೊದಲು ಕೂಡುವುದು ಯಾವುದೋ ಡಿಟಿಪಿ ಅಂಗಡಿಯ ಡೆಸ್ಕ್‌ಟಾಪಿನ ಮೇಲೆ. ಐನೂರು ಪ್ರತಿ ಅಚ್ಚಾಗುತ್ತದೆ, ಮುಗಿಯುತ್ತದೆ. ಐದು ವರ್ಷದ ಮೇಲೆ ಎರಡನೇ ಮುದ್ರಣ ಬೇಕೆಂದು ಹೋದರೆ ಫೈಲು ಇಲ್ಲ. ನಡುವೆ ಎರಡು ಸಲ ಫಾರ್ಮ್ಯಾಟ್ ಆಗಿರುತ್ತದೆ. ಕೈಬರಹದ ಪ್ರತಿಯನ್ನು ಟೈಪಾದ ಮೇಲೆ ಯಾರೂ ಇಟ್ಟುಕೊಂಡಿರುವುದಿಲ್ಲ. ಮುದ್ರಿತ ಪುಸ್ತಕ ಇಟ್ಟುಕೊಂಡು ಮೊದಲಿನಿಂದ ಟೈಪ್ ಮಾಡಬೇಕು, ಮತ್ತೆ ಕರಡು ತಿದ್ದಬೇಕು.

ಕನ್ನಡದ ಫೈಲುಗಳಿಗೆ ಇನ್ನೊಂದು ತೊಡಕಿದೆ. ಈ ಅಂಗಡಿಗಳ ಬಹಳಷ್ಟು ಹಳೆಯ ಕೆಲಸ ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಆದದ್ದು. ಆ ಫಾಂಟುಗಳು ಕೂರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ. ಫೈಲನ್ನು ಜೋಪಾನವಾಗಿ ಡಿಗೆ ಸಾಗಿಸಿ ಸಿಯನ್ನು ಫಾರ್ಮ್ಯಾಟ್ ಮಾಡಿದರೂ, ಆ ಫಾಂಟು ಮತ್ತೆ ಹಾಕುವ ತನಕ ತೆರೆದ ಪುಟದಲ್ಲಿ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಅದನ್ನು ನೋಡಿ ಫೈಲು ಕೆಟ್ಟಿದೆ, ವೈರಸ್ ಬಂದಿದೆ ಎಂದು ತಿಳಿದು ಅಳಿಸುವವರಿದ್ದಾರೆ. ಫೈಲು ಕೆಟ್ಟಿರುವುದಿಲ್ಲ, ಫಾಂಟು ಇಲ್ಲ ಅಷ್ಟೇ. ಆದ್ದರಿಂದ ಕನ್ನಡದ ಕೆಲಸ ಸಾಗಿಸುವಾಗ ಮೂರನ್ನು ಒಟ್ಟಿಗೆ ಸಾಗಿಸಿ: ಮೂಲ ಫೈಲು, ಅದಕ್ಕೆ ಬಳಸಿದ ಫಾಂಟು ಇಲ್ಲವೇ ಆ ತಂತ್ರಾಂಶದ ಸೆಟಪ್, ಮತ್ತು ಪುಸ್ತಕದ ಒಂದು ಪಿಡಿಎಫ್. ಫಾಂಟನ್ನು ವಿಂಡೋಸ್ ಫೋಲ್ಡರಿನಿಂದ ಕಟ್ ಮಾಡಬೇಡಿ, ಕಾಪಿ ಮಾತ್ರ ಮಾಡಿ. ಕೈಯಲ್ಲಾದರೆ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿದ ಒಂದು ಪ್ರತಿಯನ್ನೂ ಜೊತೆಗಿಡಿ. ಯೂನಿಕೋಡಿನಲ್ಲಿದ್ದರೆ ಯಾವ ಕಂಪ್ಯೂಟರಿನಲ್ಲಿ, ಯಾವ ಫೋನಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ಇನ್ನು ಸಾಗಿಸುವ ಬಗೆ. ಡೆಸ್ಕ್‌ಟಾಪಿನ ಅಭ್ಯಾಸ ಬಿಡಿ ಎಂದು ಯಾರಿಗೂ ನಾನು ಹೇಳುವುದಿಲ್ಲ, ಬಿಡುವುದೂ ಇಲ್ಲ. ಡೆಸ್ಕ್‌ಟಾಪನ್ನೇ ಡಿಗೆ ಕಳಿಸಬಹುದು. ಮೊದಲು ಡಿಯಲ್ಲಿ ಒಂದು ಹೊಸ ಫೋಲ್ಡರ್ ಮಾಡಿ. ಆಮೇಲೆ ಸಿಯಲ್ಲಿ ನಿಮ್ಮ ಹೆಸರಿನ ಫೋಲ್ಡರ್ ತೆರೆದು, ಅಲ್ಲಿರುವ ಡೆಸ್ಕ್‌ಟಾಪ್ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ. ಅಲ್ಲಿ ಲೊಕೇಶನ್ ಎಂಬ ಭಾಗವಿದೆ, ಅದರಲ್ಲಿ ಮೂವ್ ಎಂಬ ಗುಂಡಿ. ಡಿಯಲ್ಲಿ ಮಾಡಿದ ಆ ಫೋಲ್ಡರನ್ನು ತೋರಿಸಿ. ಇದ್ದ ಫೈಲುಗಳನ್ನೂ ಸಾಗಿಸಲೇ ಎಂದು ವಿಂಡೋಸ್ ಕೇಳುತ್ತದೆ, ಹೌದೆನ್ನಿ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಇವನ್ನೂ ಒಂದೊಂದಾಗಿ ಹೀಗೆಯೇ, ಒಂದೊಂದಕ್ಕೂ ಬೇರೆ ಬೇರೆ ಫೋಲ್ಡರ್ ಮಾಡಿ ಕಳಿಸಿ. ಫೋಲ್ಡರ್ ಮಾಡದೆ ನೇರ ಡಿ ಡ್ರೈವನ್ನೇ ತೋರಿಸಿದರೆ ಡಿಯಲ್ಲಿರುವುದೆಲ್ಲ ಡೆಸ್ಕ್‌ಟಾಪ್ ಆಗಿಬಿಡುತ್ತದೆ, ಬಿಡಿಸಿಕೊಳ್ಳುವುದು ಕಷ್ಟ. ಒನ್‌ಡ್ರೈವ್ ಬ್ಯಾಕಪ್ ಚಾಲೂ ಇದ್ದರೆ ಮೊದಲು ಅದರ ಸೆಟ್ಟಿಂಗಿನಲ್ಲಿ ಡೆಸ್ಕ್‌ಟಾಪಿನ ಬ್ಯಾಕಪ್ ನಿಲ್ಲಿಸಿ, ಫೈಲುಗಳು ಕಂಪ್ಯೂಟರಿನಲ್ಲೇ ಇವೆಯೇ ಎಂದು ನೋಡಿಕೊಂಡು ಆಮೇಲೆ ಈ ಕೆಲಸಕ್ಕೆ ಕೈ ಹಾಕಿ. ಇಷ್ಟಾದ ಮೇಲೆ ನೀವು ಎಂದಿನಂತೆ ಡೆಸ್ಕ್‌ಟಾಪಿನ ಮೇಲೆ ಸೇವ್ ಮಾಡುತ್ತಿರಿ, ಫೈಲು ಹೋಗಿ ಕೂರುವುದು ಡಿಯಲ್ಲಿ.

ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿಯವರಲ್ಲಿ ಒಂದು ವಿನಂತಿ. ನಿಮ್ಮ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಗಿರಾಕಿಗಳು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಅಂಕಪಟ್ಟಿಗಳು ಸಾವಿರಗಟ್ಟಲೆ ಕೂಡಿರುತ್ತವೆ. ಅವು ನಿಮ್ಮವಲ್ಲ. ಅವನ್ನು ಡಿಗೆ ಸಾಗಿಸಬೇಡಿ. ಕೆಲಸ ಮುಗಿದ ದಿನವೇ ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ. ಊರಿನವರ ಗುರುತಿನ ಚೀಟಿಗಳನ್ನು ಹೀಗೆ ಇಟ್ಟುಕೊಂಡು ಕೂರುವುದು ಜಾಗದ ಪ್ರಶ್ನೆಗಿಂತ ದೊಡ್ಡ ಪ್ರಶ್ನೆ.

ವಿಂಡೋಸಿನ ಸ್ವಂತ ಕಸವನ್ನು ಅದರ ಕೈಯಿಂದಲೇ ತೆಗೆಸಬೇಕು. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್‌ಗೆ ಹೋದರೆ ಯಾವುದು ಎಷ್ಟು ಜಾಗ ತಿಂದಿದೆ ಎಂಬ ಪಟ್ಟಿ ಸಿಗುತ್ತದೆ. ಟೆಂಪರರಿ ಫೈಲ್ಸ್, ಹಳೆಯ ವಿಂಡೋಸಿನ ಉಳಿಕೆ ಅಲ್ಲಿಂದಲೇ ಹೋಗುತ್ತವೆ. ಆದರೆ ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಇರುತ್ತದೆ, ಟಿಕ್ ಹಾಕುವ ಮುನ್ನ ನೋಡಿ. ವಿಂಡೋಸ್ ಫೋಲ್ಡರಿನೊಳಗೆ ನೀವೇ ಇಳಿದು ಅಳಿಸುವುದು, ಸಾಗಿಸುವುದು ಬೇಡವೇ ಬೇಡ.

ಪ್ರೋಗ್ರಾಂಗಳನ್ನು ಸಾಗಿಸಬಹುದೇ ಎಂದು ಬಹಳ ಜನ ಕೇಳುತ್ತಾರೆ. ಪ್ರೋಗ್ರಾಂ ಫೈಲ್ಸ್ ಎಂಬ ಫೋಲ್ಡರಿನಿಂದ ಕಟ್ ಮಾಡಿ ಡಿಯಲ್ಲಿ ಪೇಸ್ಟ್ ಮಾಡಿದರೆ ಅದು ಓಡುವುದಿಲ್ಲ. ತಾನು ಎಲ್ಲಿದ್ದೇನೆ ಎಂಬ ವಿಳಾಸವನ್ನು ಪ್ರೋಗ್ರಾಂ ಹಾಕುವಾಗಲೇ ರಿಜಿಸ್ಟ್ರಿಯಲ್ಲಿ ಬರೆಸಿಕೊಂಡಿರುತ್ತದೆ, ನಾವು ಜಾಗ ಬದಲಿಸಿದ್ದು ಅದಕ್ಕೆ ತಿಳಿಯುವುದಿಲ್ಲ. ಮೈಕ್ರೋಸಾಫ್ಟ್ ಸ್ಟೋರಿನಿಂದ ಬಂದ ಕೆಲವು ಆ್ಯಪುಗಳಿಗೆ ಸೆಟ್ಟಿಂಗ್ಸಿನಲ್ಲಿಯೇ ಮೂವ್ ಗುಂಡಿ ಇದೆ. ಉಳಿದವನ್ನು ತೆಗೆದು, ಡಿಯನ್ನು ತೋರಿಸಿ ಮತ್ತೆ ಹಾಕಬೇಕು. ತೆಗೆಯುವ ಮುನ್ನ ಲೈಸೆನ್ಸ್ ಕೀ, ಸೆಟಪ್ ಫೈಲು ಕೈಯಲ್ಲಿದೆಯೇ ನೋಡಿಕೊಳ್ಳಿ. ಡಿಯಲ್ಲಿ ಹಾಕಿದರೂ ಅದರ ಒಂದು ಭಾಗ ಸಿಯಲ್ಲಿ ಇದ್ದೇ ಇರುತ್ತದೆ. ಸಿ ಫಾರ್ಮ್ಯಾಟ್ ಆದರೆ ಡಿಯಲ್ಲಿರುವ ಪ್ರೋಗ್ರಾಂ ಕೂಡ ಮತ್ತೆ ಹಾಕಬೇಕಾಗುತ್ತದೆ. ಹೀಗಿರುವಾಗ ದೊಡ್ಡ ಆಟಗಳನ್ನು ಬಿಟ್ಟರೆ ಬೇರೆ ಪ್ರೋಗ್ರಾಂಗಳಿಗಾಗಿ ಈ ಶ್ರಮ ಬೇಡ. ಪ್ರೋಗ್ರಾಂ ವೇಗದ ಸಿಯಲ್ಲೇ ಇರಲಿ, ನಿಮ್ಮ ಕೆಲಸ ಡಿಗೆ ಹೋಗಲಿ. ಪ್ರೋಗ್ರಾಂ ಎಲ್ಲಿಂದಾದರೂ ಮತ್ತೆ ಸಿಕ್ಕೀತು, ನೀವು ಮಾಡಿದ ಕೆಲಸ ಸಿಗುವುದಿಲ್ಲ.

ಕರೆಂಟಿನ ವಿಷಯ ನಿಮಗೆ ಗೊತ್ತೇ ಇದೆ. ಹೊರಗಿನ ಡಿಸ್ಕಿಗೆ ಸಾಗಿಸುವಾಗ ಹಳೆಯ ಯುಎಸ್‌ಬಿ 2 ಕಿಂಡಿಯಲ್ಲಿ ಸೆಕೆಂಡಿಗೆ 35 ಎಂಬಿ ಹೋದರೆ 200 ಜಿಬಿ ದಾಟಲು ಒಂದೂವರೆ ತಾಸಿಗೂ ಹೆಚ್ಚು ಬೇಕು. ಅಂಗಡಿಯ ಸಣ್ಣ ಯುಪಿಎಸ್ ಅಷ್ಟು ಹೊತ್ತು ತಡೆಯುವುದಿಲ್ಲ. ಆದ್ದರಿಂದ ಕಟ್ ಮಾಡಬೇಡಿ, ಕಾಪಿ ಮಾಡಿ. ಒಂದೇ ಸಲ ಎಲ್ಲವನ್ನೂ ಎತ್ತಬೇಡಿ, ಒಂದೊಂದು ಫೋಲ್ಡರ್ ಕಳಿಸಿ. ಮುಗಿದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಅಳತೆ ಒಂದೇ ಇದೆಯೇ ನೋಡಿ. ನಾಲ್ಕಾರು ಫೈಲು ತೆರೆದು ನೋಡಿ. ಆಮೇಲಷ್ಟೇ ಹಳೆಯದನ್ನು ಅಳಿಸಿ.

ಇಷ್ಟೆಲ್ಲ ಮಾಡಿದವರು ಇನ್ನು ಸುರಕ್ಷಿತ ಎಂದು ಕೂರುವ ಹಾಗಿಲ್ಲ. ಡಿಗೆ ಸಾಗಿಸುವುದು ಬೇರೆ, ಬ್ಯಾಕಪ್ ಬೇರೆ. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಪಾಲು. ಡಿಸ್ಕು ಕೆಟ್ಟ ದಿನ ಎರಡೂ ಹೋಗುತ್ತವೆ. ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಡಿ ಬೇರೆ ಡಿಸ್ಕಾದರೂ ಅದು ನಿಮ್ಮಲ್ಲಿರುವುದರಲ್ಲೇ ಹಳೆಯದು, ಮೊದಲು ಕೈಕೊಡುವುದು ಅದೇ ಇದ್ದೀತು. ಲೆಕ್ಕದ ಡೇಟಾ, ಪುಸ್ತಕಗಳ ಫೈಲು, ಮನೆಯ ಫೋಟೊ, ಈ ಮೂರಕ್ಕಾದರೂ ಹೊರಗಿನ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇರಲಿ. ಆ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಚುಚ್ಚಿಡಬೇಡಿ. ಅಂಗಡಿಯಲ್ಲಿ ಕಂಪ್ಯೂಟರ್ ಇದ್ದರೆ ಡಿಸ್ಕು ಮನೆಯಲ್ಲಿರಲಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಿಸಲೆಂದು ಬಹಳ ಕಂಪ್ಯೂಟರುಗಳು ರಿಪೇರಿ ಅಂಗಡಿಗಳಿಗೆ ಬರುತ್ತವೆ, ಫಾರ್ಮ್ಯಾಟುಗಳೂ ಹೆಚ್ಚುತ್ತವೆ. ಆ ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗರಲ್ಲಿ ನನ್ನ ಕಳಕಳಿಯ ಕೋರಿಕೆ ಇಷ್ಟು: ಸಿಯಲ್ಲಿ ಏನಿದೆ ಎಂದು ಗಿರಾಕಿಯನ್ನು ಕೇಳಿ ಬಿಡಬೇಡಿ, ಅವರಿಗೆ ಗೊತ್ತಿರುವುದಿಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಟ್ಯಾಲಿಯ ಡೇಟಾ, ಕನ್ನಡ ಫಾಂಟುಗಳು, ಈ ನಾಲ್ಕನ್ನು ನೀವೇ ತೆರೆದು, ಗಿರಾಕಿಯ ಕಣ್ಣೆದುರಿಗೆ ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಂಡು, ಆಮೇಲೆ ಫಾರ್ಮ್ಯಾಟ್ ಮಾಡಿ. ಅರ್ಧ ತಾಸು ಹೆಚ್ಚು ಹಿಡಿಯಲಿ, ಅದಕ್ಕೆ ಬೇಕಾದರೆ ಕೂಲಿಯನ್ನೂ ಕೇಳಿ ಪಡೆಯಿರಿ. ಕಂಪ್ಯೂಟರ್ ಕೊಡುವವರೂ ಆ ಅರ್ಧ ತಾಸು ಪಕ್ಕದಲ್ಲೇ ಕುಳಿತಿರಿ.